ಹಾಯಿಕಂಬಕ್ಕೆ ಯಾವ ತಂತಿ? ಮೂರನ್ನೂ ಕಟ್ಟಿ ನೋಡಿದ ಮೇಲೆ

ನನ್ನ ಮನೆ ಬೆಳಗಾವಿಯಲ್ಲಿ, ದೋಣಿ ಗೋವಾದಲ್ಲಿ. ನಡುವೆ ಚೋರ್ಲಾ ಘಾಟ್, ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಎರಡು ವಾರಕ್ಕೊಮ್ಮೆ ಹೋಗಿ ನೋಡಿ ಬಂದರೆ ಅದೇ ಹೆಚ್ಚು. ಹಾಯಿಕಂಬವನ್ನು ಹಿಡಿದು ನಿಲ್ಲಿಸಲು ಸ್ಟೇನ್‌ಲೆಸ್ ತಂತಿ, ಸತು ಲೇಪಿಸಿದ ಉಕ್ಕಿನ ತಂತಿ, ಡೈನೀಮಾ ಅನ್ನುವ ಪ್ಲಾಸ್ಟಿಕ್ ನಾರಿನ ಹಗ್ಗ, ಈ ಮೂರರ ಹೋಲಿಕೆ ಕೆಳಗಿದೆ. ಅದನ್ನು ಓದುವಾಗ ಈ ಮಾತು ನೆನಪಿರಲಿ. ದಡದಲ್ಲೇ ಮನೆ ಇರುವವರ ತೀರ್ಮಾನ ಬೇರೆ ಆಗಬಹುದು.

ದೋಣಿ 26 ಅಡಿಯದು, ಫೈಬರ್‌ಗ್ಲಾಸಿನದು, 1980ರ ದಶಕದಲ್ಲಿ ಕಟ್ಟಿದ್ದು. ನಿಲ್ಲುವುದು ಮಾಂಡೋವಿಯಲ್ಲಿ. ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ ಆಗುತ್ತದೆ. ದಿಲೀಪ್ ದೋಂಡೆ 2009-10ರಲ್ಲಿ ಒಬ್ಬರೇ ಜಗತ್ತು ಸುತ್ತಿ ಬಂದ ನೌಕಾಪಡೆಯ ಹಾಯಿದೋಣಿಗೆ ಈ ನದಿಯದೇ ಹೆಸರು, 'ಮ್ಹಾದೇಯಿ'. ಆ ಸುದ್ದಿ ಓದಿದಾಗಲೇ ನನಗೆ ಹಾಯಿಯ ಆಸೆ ಹುಟ್ಟಿದ್ದು.

ನನ್ನ ದೋಣಿಯ ಅಲ್ಯೂಮಿನಿಯಂ ಕಂಬವನ್ನು ಎಂಟು ತಂತಿಗಳು ಹಿಡಿದು ನಿಲ್ಲಿಸಿವೆ. ಮುಂದೊಂದು, ಹಿಂದೊಂದು, ಎಡಬಲಕ್ಕೆ ಮೂರು ಮೂರು. ಎಂಟು ತಂತಿ ಅಂದರೆ ಹದಿನಾರು ತುದಿ. ತಂತಿ ನಡುವೆ ಹರಿಯುವುದು ಅಪರೂಪ, ಕೈಕೊಡುವುದು ತುದಿಯಲ್ಲೇ.

ನಾನು ಕೊಂಡಾಗ ಇದ್ದದ್ದು ಸ್ಟೇನ್‌ಲೆಸ್ ತಂತಿ, 5 ಮಿ.ಮೀ., 19 ಎಳೆಯದು. ತುದಿಗಳನ್ನೆಲ್ಲ ಮೆಷಿನ್‌ನಲ್ಲಿ ಒತ್ತಿ ಕೂರಿಸಿದ್ದರು. ಇದಕ್ಕೆ ಸ್ವೇಜ್ ಅನ್ನುತ್ತಾರೆ. ನೋಡಲು ಫಳಫಳ ಹೊಳೆಯುತ್ತಿತ್ತು. ಒಂದು ಸಂಜೆ ಉಪ್ಪು ಒರೆಸುತ್ತಿದ್ದೆ. ಎಡಗಡೆಯ ಕೆಳತುದಿಯಲ್ಲಿ ಬಟ್ಟೆ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ಒಂದು ಎಳೆ ತುಂಡಾಗಿ ಮುಳ್ಳಿನ ಹಾಗೆ ಎದ್ದಿತ್ತು. ಸರಿಯಾಗಿ ಸ್ವೇಜಿನ ಬಾಯಲ್ಲಿ.

ಮಳೆಗಾಲಕ್ಕೆ ಕಂಬ ಇಳಿಸಿದಾಗ ಎಂಟೂ ತಂತಿ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ಬೆಳಗಾವಿಗೆ ತಂದೆ. ಉದ್ಯಮಬಾಗದಲ್ಲಿ ಪರಿಚಯದ ಹುಡುಗನೊಬ್ಬನ ಮಷಿನ್ ಶಾಪ್ ಇದೆ. ಎರಕದ ಮಾಲಿನಲ್ಲಿ ಬಿರುಕು ಹುಡುಕಲು ಅಲ್ಲಿ ಬಣ್ಣದ ಸ್ಪ್ರೇ ಬಳಸುತ್ತಾರೆ. ತುದಿಗಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಕೆಂಪು ಬಣ್ಣ ಹೊಡೆದು ಹತ್ತು ನಿಮಿಷ ಬಿಟ್ಟ. ಒರೆಸಿದ. ಮೇಲೆ ಬಿಳಿ ಪುಡಿ ಹೊಡೆದ. ನೋಡನೋಡುತ್ತಿದ್ದಂತೆ ಬಿಳುಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಉದ್ದಕ್ಕೆ ಮೂಡಿತು.

"ಕಾಕಾ, ಇದು ಹೋಗೇತಿ. ಇದೊಂದ ಅಲ್ಲ, ಆ ಕಡೀದೂ ನೋಡ್ರಿ" ಅಂದ. ಹದಿನಾರರಲ್ಲಿ ಐದು ತುದಿ ಬಿರುಕು ಬಿಟ್ಟಿದ್ದವು. ಐದೂ ಕೆಳತುದಿಗಳೇ.

ಕಾರಣ ಸರಳ. ನೀರು ತಂತಿಯ ಉದ್ದಕ್ಕೂ ಇಳಿದು ಕೆಳಗಿನ ಸ್ವೇಜಿನ ಒಳಗೆ ನಿಲ್ಲುತ್ತದೆ. ಸ್ಟೇನ್‌ಲೆಸ್ಸನ್ನು ಕಾಯುವ ಮೇಲ್ಪದರ ಉಳಿಯಬೇಕಾದರೆ ಗಾಳಿಯ ಆಮ್ಲಜನಕ ಬೇಕು. ಒಳಗೆ ಉಪ್ಪುನೀರು ಇದೆ, ಗಾಳಿ ಇಲ್ಲ. ಹೊರಗೆ ಹೊಳೆಯುತ್ತಲೇ ಒಳಗೆ ತಿಂದುಹೋಗುತ್ತದೆ. ನನಗೆ ಭಯ ಹುಟ್ಟಿಸಿದ್ದು ಇದೇ.

ಅದಕ್ಕೇ ಮುಂದಿನ ಎರಡು ಸೀಸನ್ನಿಗೆ ಹಳೆಯ ಕಾಲದ ದಾರಿ ಹಿಡಿದೆ. ಸತು ಲೇಪಿಸಿದ ಉಕ್ಕಿನ ತಂತಿ, ಅಂದರೆ ಗ್ಯಾಲ್ವನೈಸ್ಡ್. ಏಳು ಎಳೆಯ ಏಳು ಜಡೆ, ದಪ್ಪ 7 ಮಿ.ಮೀ. ಇದನ್ನು ಕೈಯಲ್ಲೇ ಹೆಣೆದು ತುದಿಗೆ ಕಣ್ಣು, ಅಂದರೆ ಕುಣಿಕೆ, ಮಾಡಬಹುದು. ಅದಕ್ಕೆಂದೇ ಲೇತ್‌ನಲ್ಲಿ ಹೆಬ್ಬೆರಳ ದಪ್ಪದ ಉಕ್ಕಿನ ದಬ್ಬಳ ಮಾಡಿಸಿದೆ. ಹೆಣೆದ ಜಾಗಕ್ಕೆ ಡಾಂಬರು ಹಚ್ಚಿದ ದಾರ ಸುತ್ತಿ, ಇಡೀ ತಂತಿಗೆ ಕಾಯಿಸಿದ ಅಗಸೆ ಎಣ್ಣೆ ಕುಡಿಸಿದೆ. ಅಗಸೆ ನಮ್ಮ ಕಡೆಯ ಬೆಳೆ, ಎಣ್ಣೆ ಹುಡುಕಿಕೊಂಡು ಅಲೆಯಬೇಕಾಗಲಿಲ್ಲ.

ಖರ್ಚು ಮೂರರಲ್ಲೂ ಕಡಿಮೆ. ಇನ್ನೊಂದು ಗುಣ ನನಗೆ ತುಂಬಾ ಹಿಡಿಸಿತು: ಈ ತಂತಿ ಏನನ್ನೂ ಮುಚ್ಚಿಡುವುದಿಲ್ಲ. ಹಾಳಾಗುವ ಮುಂಚೆ ಕೆಂಪಗೆ ತುಕ್ಕು ತೋರಿಸುತ್ತದೆ. ಆದರೆ ಆರೈಕೆ ಬಹಳ ಕೇಳುತ್ತದೆ. ತಿಂಗಳಿಗೊಮ್ಮೆ ಎಣ್ಣೆ ಬೇಕೇ ಬೇಕು, ನನಗೆ ಆಗಲಿಲ್ಲ. ತಂತಿ ಬಿಗಿಯುವ ಸ್ಟೇನ್‌ಲೆಸ್ ತಿರುಪು, ಅಂದರೆ ಟರ್ನ್‌ಬಕಲ್, ಮುಟ್ಟುವ ಕಡೆ ಸತು ಬೇಗ ಕರಗಿತು, ಎರಡು ಬೇರೆ ಲೋಹ ಉಪ್ಪುನೀರಲ್ಲಿ ಸೇರಿದರೆ ಹಾಗೇ. ಹಾಯಿಗೆ ಕಂದು ಕಲೆ ಬಿತ್ತು. ಜಡೆ ತಂತಿ ಹಿಗ್ಗುವುದೂ ಜಾಸ್ತಿ, ಗಾಳಿ ಏರಿದಾಗ ಕಂಬದ ತುದಿ ತೂಗುತ್ತಿತ್ತು. ದಿನಾ ದೋಣಿಯಲ್ಲಿ ಇರುವವರಿಗೆ ಇವತ್ತಿಗೂ ನಾನು ಇದನ್ನು ಬೇಡ ಅನ್ನುವುದಿಲ್ಲ.

ಆಮೇಲೆ ಡೈನೀಮಾ ಹಗ್ಗ. ಕೈಯಲ್ಲಿ ಹಿಡಿದಾಗ ನಂಬಿಕೆಯೇ ಬರುವುದಿಲ್ಲ, ಅಷ್ಟು ಹಗುರ. ಎಂಟು ಉಕ್ಕಿನ ತಂತಿ ಸೇರಿ ಒಂಬತ್ತು ಕಿಲೋ ಹತ್ತಿರ ತೂಗುತ್ತಿದ್ದವು. ಡೈನೀಮಾ ಮೂರು ಕಿಲೋನೂ ಇರಲಿಲ್ಲ. ಕಂಬದ ಮೇಲಿನ ಭಾರ ಇಳಿದದ್ದು ಮೊದಲ ದಿನವೇ ಗೊತ್ತಾಯಿತು, ದೋಣಿ ವಾಲುವುದು ಕಡಿಮೆಯಾಯಿತು. ಬಲವೂ ಹೆಚ್ಚು. 5 ಮಿ.ಮೀ. ಸ್ಟೇನ್‌ಲೆಸ್ ಸುಮಾರು 2 ಟನ್ನಿಗೆ ಹರಿದರೆ, 8 ಮಿ.ಮೀ. ಡೈನೀಮಾ 5 ಟನ್ ದಾಟುತ್ತದೆ. ಅಷ್ಟು ದಪ್ಪ ಹಾಕುವುದು ಬಲಕ್ಕಲ್ಲ, ಹಗ್ಗ ಹಿಗ್ಗಬಾರದು ಅಂತ.

ಇದರ ಹೆಣಿಗೆ ನನಗೆ ಮನೆಯ ಕೆಲಸದ ಹಾಗೆ ಅನ್ನಿಸಿತು. ಚಿಕ್ಕವನಿದ್ದಾಗ ಅಪ್ಪನ ಜೊತೆ ಪುಂಡಿ ನಾರಿನ ಹಗ್ಗ ಹೊಸೆದ ಕೈ ಇದು. ಹಗ್ಗದ ತುದಿಯನ್ನು ಅದರದೇ ಹೊಟ್ಟೆಯೊಳಗೆ ತೂರಿಸಬೇಕು. ಒಳಗೆ ಹೋಗುವ ಉದ್ದ ಹಗ್ಗದ ದಪ್ಪದ 72 ಪಟ್ಟು, ಅಂದರೆ 8 ಮಿ.ಮೀ.ಗೆ ಸುಮಾರು 58 ಸೆಂ.ಮೀ. ತುದಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಇಲಿಬಾಲದ ಹಾಗೆ ಸಣ್ಣ ಮಾಡಬೇಕು. ಅವಸರ ಮಾಡಬಾರದು.

ತೊಂದರೆ ಮೂರು ಬಂದವು. ಸದಾ ಬಿಗಿಯಲ್ಲಿರುವ ಡೈನೀಮಾ ನಿಧಾನಕ್ಕೆ ಉದ್ದವಾಗುತ್ತಾ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೋದಾಗಲೆಲ್ಲ ಮೊದಲು ಬಿಗಿಯುವ ಕೆಲಸ. ಬಿಸಿಲಿನ ಲೆಕ್ಕವೂ ತಿರುಗುಮುರುಗು: ಸೆಕೆಗೆ ಕಂಬ ಹಿಗ್ಗುತ್ತದೆ, ಈ ಹಗ್ಗ ಕುಗ್ಗುತ್ತದೆ. ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಬಿಗಿಯಾಗಿರುತ್ತದೆ. ಇವೆರಡನ್ನೂ ತಡೆದುಕೊಳ್ಳಬಹುದಿತ್ತು. ಮೂರನೆಯದು ಸವೆತ. ಕಂಬದ ಅಡ್ಡತೋಳಿನ ತುದಿಯಲ್ಲಿ ಹಳೆಯ ತಂತಿ ಕೊರೆದ ಸಣ್ಣ ಕಚ್ಚು ಇತ್ತು. ಅದರ ಅಂಚನ್ನು ನಾನು ಉಜ್ಜಿ ನುಣುಪು ಮಾಡಿರಲಿಲ್ಲ. ಎರಡನೇ ಸೀಸನ್ನಿನ ನಡುವೆ ಮೇಲೆ ಹತ್ತಿ ನೋಡಿದರೆ ಹಗ್ಗ ಅಲ್ಲಿ ಹತ್ತಿಯ ಹಾಗೆ ಉಬ್ಬಿ ನಿಂತಿತ್ತು, ಮೂರನೇ ಒಂದು ಭಾಗ ಸವೆದಿತ್ತು. ಅವತ್ತು ಹಾಯಿ ಬಿಚ್ಚದೆ ಎಂಜಿನ್ ಮೇಲೆ ವಾಪಸ್ ತಂದೆ.

ಈಗ ಮತ್ತೆ ಸ್ಟೇನ್‌ಲೆಸ್‌ಗೇ ಬಂದಿದ್ದೇನೆ, ಆದರೆ ತುದಿ ಬೇರೆ. ಸ್ಟಾ-ಲಾಕ್ ತರಹದ್ದು, ಸ್ಪ್ಯಾನರ್‌ನಿಂದ ಕೂರಿಸುವುದು. ತಂತಿಯ ಎಳೆ ಬಿಡಿಸಿ, ಒಳಗೆ ಸಣ್ಣ ಶಂಕು ಇಟ್ಟು, ಎಳೆಗಳನ್ನು ಅದರ ಸುತ್ತ ಮಡಚಿ, ಸೀಲಂಟ್ ತುಂಬಿ ಬಿಗಿಯಬೇಕು. ನೀರು ನಿಲ್ಲಲು ಒಳಗೆ ಜಾಗವೇ ಇರುವುದಿಲ್ಲ. ಮೊದಲ ತುದಿಗೆ ಒಂದೂವರೆ ಗಂಟೆ ಬೇಕಾಯಿತು, ಕೊನೆಯದಕ್ಕೆ ಇಪ್ಪತ್ತು ನಿಮಿಷ. ಮೂರರಲ್ಲೂ ದುಬಾರಿ ಇದೇ. ಆದರೆ ಬೇಕಾದಾಗ ಬಿಚ್ಚಿ ಒಳಗೆ ನೋಡಬಹುದು, ನಾನು ಹಣ ಕೊಟ್ಟದ್ದು ಇದಕ್ಕೆ. ಈಗ ಮೂರನೇ ಸೀಸನ್. ಕಳೆದ ಮಳೆಗಾಲದಲ್ಲಿ ಕೆಳಗಿನ ಎರಡು ತುದಿ ಬಿಚ್ಚಿದೆ. ಎಳೆಗಳು ಹಾಕಿದ ದಿನದ ಹಾಗೇ ಇದ್ದವು.

ತಂತಿ ಕೊಳ್ಳುವವರಿಗೆ ಒಂದು ಮಾತು. ಆಯಸ್ಕಾಂತ ಹಿಡಿದು 316 (ಉಪ್ಪುನೀರಿಗೆ ಬಳಸುವ ಸ್ಟೇನ್‌ಲೆಸ್ ದರ್ಜೆ) ಹೌದೋ ಅಲ್ಲವೋ ಅಂತ ಹೇಳಲು ಆಗುವುದಿಲ್ಲ. ತಣ್ಣಗೆ ಎಳೆದ ತಂತಿ ಅಸಲಿ ಇದ್ದರೂ ಸ್ವಲ್ಪ ಅಂಟಬಹುದು. ಟೆಸ್ಟ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ.

ಉಳಿದ 12 ಮೀಟರ್ ಡೈನೀಮಾವನ್ನು ಒಂದು ತುದಿಗೆ ಕಣ್ಣು ಹೆಣೆದು ದೋಣಿಯಲ್ಲೇ ಇಟ್ಟಿದ್ದೇನೆ. ಸಮುದ್ರದ ನಡುವೆ ಯಾವುದಾದರೂ ತಂತಿ ಹರಿದರೆ ಅದರ ಜಾಗಕ್ಕೆ ಹತ್ತು ನಿಮಿಷದಲ್ಲಿ ಕಟ್ಟಬಹುದು. ಅಡ್ಡತೋಳಿನ ಆ ಕಚ್ಚನ್ನೂ ಈಗ ಅರದಿಂದ ಉಜ್ಜಿ, ಬೆರಳಿಗೆ ತಾಗದ ಹಾಗೆ ನುಣುಪು ಮಾಡಿದ್ದೇನೆ.