ಅವ್ವನ ಸಣ್ಣ ರಟ್ಟೆಯೂ ಮೂರು ಬಿಪಿ ಮಷಿನ್ನೂ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದಿದ್ದು ರಟ್ಟೆಗೆ ಪಟ್ಟಿ ಸುತ್ತುವ ಮಷಿನ್. ಅದೂ ಸಣ್ಣ ಪಟ್ಟಿ ಬೇರೆ ತರಿಸಿದ ಮೇಲೆ. ಅಲ್ಲಿಯವರೆಗೆ ಎರಡು ತಿಂಗಳು ಒದ್ದಾಡಿದ್ದೇವೆ.

ಅವ್ವನಿಗೆ ಬಿಪಿ ಕಡಿಮೆ. ಬಾಗಲಕೋಟೆಯ ಏಪ್ರಿಲ್ ಬಿಸಿಲು ಗೊತ್ತಲ್ಲ? ಒಂದು ದಿನ ರೊಟ್ಟಿ ಬಡಿದು ಎದ್ದವಳೇ ಗೋಡೆ ಹಿಡಿದು ನಿಂತಳು. "ತಲಿ ತಿರುಗಿದಂಗ ಆತು ನೋಡ" ಅಂದಳು. 90/60ಕ್ಕಿಂತ ಕೆಳಗೆ ಹೋಗುತ್ತದೋ ನೋಡಿ, ಎರಡು ವಾರ ಬರೆದುಕೊಂಡು ಬನ್ನಿ ಎಂದರು ಡಾಕ್ಟರು.

ಮೊದಲು ತಂದಿದ್ದು ಮುಂಗೈಗೆ ಕಟ್ಟುವ ಮಷಿನ್. ಕುಪ್ಪಸದ ತೋಳು ಸರಿಸುವ ರಗಳೆ ಇಲ್ಲ ಅಂತ. ಹತ್ತು ನಿಮಿಷದಲ್ಲಿ 108, 88, 97 ತೋರಿಸಿತು. ತಪ್ಪು ಮಷಿನ್‌ದಲ್ಲ, ಅವ್ವನ ಕೈಯದು. ಮುಂಗೈ ಎದೆಯ ಮಟ್ಟಕ್ಕೇ ಇರಬೇಕು. 10 ಸೆಂಟಿಮೀಟರ್ ಕೆಳಗಿದ್ದರೆ 7-8 ಅಂಕಿ ಏರುತ್ತದೆ. ಅವ್ವ ಕೈಯನ್ನು ತೊಡೆಯ ಮೇಲೇ ಇಡುವವಳು. ಬಿಪಿ 150 ಇದ್ದವರಿಗೆ 8 ಅಂಕಿ ಅಂಥ ದೊಡ್ಡದಲ್ಲ. ಇವಳ 86 ಮಾತ್ರ 94 ಆಗಿ, ಎಲ್ಲ ಸರಿ ಇದೆ ಅನ್ನಿಸಿಬಿಡುತ್ತದೆ.

ಸ್ಟೆತಾಸ್ಕೋಪ್ ಇಟ್ಟು ಕೇಳುವ ಮುಳ್ಳಿನ ಮಷಿನ್ ನನ್ನ ತಂಗಿಯದು. ಅವಳು ನರ್ಸ್. ಅವಳ ಕಿವಿಯನ್ನು ನಂಬುತ್ತೇನೆ, ನನ್ನದನ್ನಲ್ಲ. ಬಿಪಿ ಕಡಿಮೆ ಇದ್ದರೆ ಆ ಟಕ್ ಟಕ್ ಸಪ್ಪಳವೇ ಸಣ್ಣದಾಗಿರುತ್ತದೆ. ಕೂಲರ್ ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ.

ಹಾಗಾಗಿ ರಟ್ಟೆಯ ಮಷಿನ್ ಬಂತು. ಇದು ಸಪ್ಪಳ ಕೇಳುವುದಿಲ್ಲ, ಪಟ್ಟಿಯೊಳಗಿನ ಗಾಳಿಗೆ ನಾಡಿ ಬಡಿಯುವುದನ್ನು ಹಿಡಿದು ಲೆಕ್ಕ ಹಾಕುತ್ತದೆ. ಬಡಿತ ಸಣ್ಣದಿದ್ದಾಗ ಕೈ ಅಲುಗಿದರೂ ಸಾಕು, ಎರರ್ ತೋರಿಸಿ ಮತ್ತೆ ಗಾಳಿ ತುಂಬುತ್ತದೆ. ಅವ್ವ ನಡುವೆಯೇ "ಎಷ್ಟ ಬಂತು?" ಅಂತ ಕೇಳುತ್ತಾಳೆ, ಮತ್ತೆ ಮೊದಲಿಂದ!

ನಿಜವಾದ ತಲೆನೋವು ಬೇರೆಯೇ ಇತ್ತು. ಮೊದಲ ದಿನವೇ 80/48. ಅವ್ವ ನೋಡಿದರೆ ನಗುತ್ತಾ ಸೊಪ್ಪು ಸೋಸುತ್ತಿದ್ದಾಳೆ. ಗಾಬರಿಯಾಗಿ ದವಾಖಾನೆಗೆ ಓಡಿದೆವು. ಅಲ್ಲಿ 94/60. ಮರುದಿನ ಮನೆಯಲ್ಲಿ ಮತ್ತೆ 81. ನಾಲ್ಕು ದಿನ ಮಷಿನ್ನಿಗೆ ಬೈದೆ, ಸೆಲ್ ಬದಲಿಸಿದೆ. ಆಮೇಲೆ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು: 22-32 ಸೆಂಟಿಮೀಟರ್. ಹೊಲಿಗೆ ಟೇಪು ತಂದು ಅವ್ವನ ರಟ್ಟೆ ಅಳೆದೆ. 20!

ಸಣ್ಣ ರಟ್ಟೆಗೆ ದೊಡ್ಡ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ದಪ್ಪ ರಟ್ಟೆಗೆ ಸಣ್ಣ ಪಟ್ಟಿಯಾದರೆ ಜಾಸ್ತಿ. ಮೊದಲೇ ಕಡಿಮೆ ಇರುವವರಿಗೆ ಇದು ಸುಮ್ನೆ ಜೀವ ಬಾಯಿಗೆ ತರುತ್ತದೆ. ಅಂಗಡಿಯವರು "ಎಲ್ಲಾರಿಗೂ ಇದ ಆಗತೈತ್ರೀ" ಅಂದಿದ್ದರು. ನಾನೂ ಅಳತೆ ಕೇಳಲಿಲ್ಲ, ಅದು ನನ್ನ ತಪ್ಪೇ. ಊರಲ್ಲಿ ಸಣ್ಣದು ಸಿಗಲಿಲ್ಲ. 17-22ರ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತರಿಸಿದೆ, ಅದೇ ಕಂಪನಿಯದು, ಅದೇ ಮಾಡೆಲ್ಲಿಗೆ ಹೊಂದುವಂಥದ್ದು. ಬೇರೆ ಪಟ್ಟಿ ಸಿಕ್ಕಿಸಿದರೆ ಲೆಕ್ಕ ತಪ್ಪುತ್ತದೆ. 850 ರೂಪಾಯಿ ಹೊಟ್ಟೆ ಉರಿಸಿತು, ಆದರೆ ತಂಗಿ ಬಂದ ದಿನ ಅವಳ ಮುಳ್ಳು 94, ನಮ್ಮದು 93.

ಈಗ ಬೆಳಿಗ್ಗೆ ಚಹಾಕ್ಕೆ ಮೊದಲು ಅವ್ವ ಐದು ನಿಮಿಷ ಬೆನ್ನು ಆನಿಸಿ, ಕಾಲು ನೆಲಕ್ಕಿಟ್ಟು, ಕೈಯನ್ನು ಮೇಜಿನ ದಿಂಬಿನ ಮೇಲಿಟ್ಟು ಕೂರುತ್ತಾಳೆ. ನಿಮಿಷ ಬಿಟ್ಟು ಎರಡು ಸಲ. ಆಮೇಲೆ ನಿಂತು ಒಂದು ಮತ್ತು ಮೂರನೇ ನಿಮಿಷಕ್ಕೆ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಬೇಕು. ಅವ್ವನದು ಒಂದು ದಿನ ಕೂತಾಗ 96, ನಿಂತಾಗ 74. ಡಾಕ್ಟರು ಆ ಸಾಲಿಗೇ ಪೆನ್ನಿನಿಂದ ಗೆರೆ ಎಳೆದರು.

ದೊಡ್ಡ ಪಟ್ಟಿ ಹಾಳಾಗಿಲ್ಲ. ಕಾಕಾನ ರಟ್ಟೆ 29. ಅವನು ಬಂದಾಗ ಪಟ್ಟಿ ಬದಲಿಸಿ ಅದರಲ್ಲೇ ನೋಡುತ್ತೇವೆ.