ಪವರ್‌ಪಾಯಿಂಟ್ ಪದಗಳನ್ನು ಪದಬಂಧದಲ್ಲಿ ಕಲಿಸಿದ್ದು: ಹಾಟ್ ಪೊಟೇಟೋಸ್ ಬಳಸಿದ ಅನುಭವ

ನಾನು ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತೇನೆ. ಬೆಳಿಗ್ಗೆ ಪಿಯುಸಿ, ಡಿಗ್ರಿ ಓದುವ ಮಕ್ಕಳು ಬರುತ್ತಾರೆ. ಸಂಜೆ ಸರ್ಕಾರಿ ನೌಕರರು ಬರುತ್ತಾರೆ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಬೇಕಲ್ಲ. ವರ್ಡ್, ಎಕ್ಸೆಲ್ ಹೇಗೋ ನಡೆಯುತ್ತದೆ. ಪವರ್‌ಪಾಯಿಂಟ್‌ಗೆ ಬಂದಾಗ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಕೆಲಸ ಎಲ್ಲರಿಗೂ ಬರುತ್ತದೆ, ಹೆಸರು ಯಾರಿಗೂ ಬರುವುದಿಲ್ಲ. ಮೌಸ್ ಹಿಡಿದು ಚೆಂದದ ಸ್ಲೈಡ್ ಮಾಡುತ್ತಾರೆ. "ಸ್ಲೈಡ್ ಮಾಸ್ಟರ್‌ನಲ್ಲಿ ಲೋಗೊ ಹಾಕಿ" ಎಂದು ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಸುಮ್ನೆ ಕೂರುತ್ತಾರೆ. ಸ್ಲೈಡ್ ಮಾಸ್ಟರ್ ಎಂದರೆ ಎಲ್ಲ ಸ್ಲೈಡ್‌ಗಳಿಗೂ ಒಂದೇ ರೂಪ ಕೊಡುವ ಮೂಲ ಸ್ಲೈಡ್, ಅಷ್ಟೇ.

ಇದಕ್ಕೆ ನಾನು ಕೆಲವು ವರ್ಷಗಳಿಂದ ಪದಬಂಧ ಬಳಸುತ್ತಿದ್ದೇನೆ. ಮಾಡಲು ಹಾಟ್ ಪೊಟೇಟೋಸ್ ಎಂಬ ತಂತ್ರಾಂಶ ಇಟ್ಟುಕೊಂಡಿದ್ದೇನೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, 2009ರಿಂದ ಪೂರ್ತಿ ಉಚಿತ. ಅದರೊಳಗೆ ಬಿಟ್ಟ ಸ್ಥಳ ತುಂಬುವುದು, ಹೊಂದಿಸಿ ಬರೆಯುವುದು ಹೀಗೆ ಹಲವು ಬಗೆಯ ಅಭ್ಯಾಸ ಮಾಡುವ ಸಣ್ಣ ಸಣ್ಣ ಪ್ರೋಗ್ರಾಂಗಳಿವೆ. ಪದಬಂಧಕ್ಕೆ ಇರುವುದು ಜೆಕ್ರಾಸ್. ಪದಗಳ ಪಟ್ಟಿ ಕೊಟ್ಟರೆ ಗ್ರಿಡ್, ಅಂದರೆ ಪದಬಂಧದ ಮನೆಗಳ ಚೌಕ, ತಾನೇ ಹೆಣೆಯುತ್ತದೆ. ಸುಳಿವು ನಾವು ಬರೆಯಬೇಕು. ಎಫ್6 ಒತ್ತಿದರೆ ವೆಬ್ ಪುಟವಾಗಿ ಸೇವ್ ಆಗುತ್ತದೆ. ಆಮೇಲೆ ಇಂಟರ್ನೆಟ್ ಬೇಕಿಲ್ಲ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯಬಹುದು. ನಮ್ಮಂಥ ಊರಿನಲ್ಲಿ ನೆಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಗಾಗಿ ನನಗೆ ಇದೇ ದೊಡ್ಡ ಗುಣ.

ಪದಬಂಧ ನಿಜವಾಗಿ ಕೆಲಸ ಮಾಡುವುದು ಎಲ್ಲಿ ಎಂದು ಹೇಳುತ್ತೇನೆ. ಪವರ್‌ಪಾಯಿಂಟ್ ಕಲಿಯುವವರು ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಟ್ರಾನ್ಸಿಷನ್ ಮತ್ತು ಅನಿಮೇಷನ್ ನಡುವೆ. ಒಂದು ಸ್ಲೈಡ್ ಹೋಗಿ ಇನ್ನೊಂದು ಬರುವಾಗ ಕಾಣುವುದು ಟ್ರಾನ್ಸಿಷನ್. ಸ್ಲೈಡಿನ ಒಳಗೆ ಚಿತ್ರವೋ ಸಾಲೋ ಹಾರಿ ಬರುವುದು ಅನಿಮೇಷನ್. ಬೋರ್ಡ್ ಮೇಲೆ ಎಷ್ಟು ಸಲ ಬರೆದರೂ ಮರುದಿನ ಅದಲು ಬದಲು. ಪದಬಂಧದಲ್ಲಿ ಹಾಗಾಗುವುದಿಲ್ಲ. ಇಂಗ್ಲಿಷಿನಲ್ಲಿ ಟ್ರಾನ್ಸಿಷನ್‌ಗೆ 10 ಅಕ್ಷರ, ಅನಿಮೇಷನ್‌ಗೆ 9. ಎರಡಕ್ಕೂ ಕೊನೆಯ ನಾಲ್ಕು ಅಕ್ಷರ ಒಂದೇ. ಮಕ್ಕಳು ಬಾಲ ನೋಡಿ ಅನಿಮೇಷನ್ ಎಂದೇ ಬರೆಯುತ್ತಾರೆ. ಒಂದು ಮನೆ ಖಾಲಿ ಉಳಿಯುತ್ತದೆ. ಆಗ ಅವರೇ ನಿಂತು ಸುಳಿವನ್ನು ಮತ್ತೆ ಓದುತ್ತಾರೆ. "ಓ, ಇದು ಸ್ಲೈಡ್ ಬದಲಾಗುವಾಗಿನದ್ದು!" ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ. ಹೀಗೆ ತಾವೇ ತಿದ್ದಿಕೊಂಡಿದ್ದನ್ನು ಅವರು ಮರೆತಿದ್ದು ನಾನು ಕಂಡಿಲ್ಲ.

ಆದರೆ ಎಲ್ಲ ಪದಗಳೂ ಇಷ್ಟು ಸಹಾಯ ಮಾಡುವುದಿಲ್ಲ. ಹೆಡರ್ (ಮೇಲಂಚಿನ ಬರಹ), ಫುಟರ್ (ಕೆಳಅಂಚಿನ ಬರಹ), ಮಾಸ್ಟರ್, ಸಾರ್ಟರ್ (ಎಲ್ಲ ಸ್ಲೈಡ್‌ಗಳನ್ನು ಚಿಕ್ಕದಾಗಿ ಒಟ್ಟಿಗೆ ತೋರಿಸುವ ನೋಟ) ತೆಗೆದುಕೊಳ್ಳಿ. ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಆರೇ ಅಕ್ಷರ. ನಾಲ್ಕೂ ಮುಗಿಯುವುದು ಇ, ಆರ್ ಎಂಬ ಅಕ್ಷರಗಳಲ್ಲಿ. ಫುಟರ್ ಮತ್ತು ಸಾರ್ಟರ್ ನಡುವೆ ವ್ಯತ್ಯಾಸ ಇರುವುದು ಮೊದಲನೇ ಮತ್ತು ಮೂರನೇ ಅಕ್ಷರದಲ್ಲಿ ಮಾತ್ರ. ಗ್ರಿಡ್ ತಾನಾಗಿ ಹೆಣೆದುಕೊಂಡಾಗ ಬೇರೆ ಪದವೊಂದು ಇವುಗಳನ್ನು ಕೊನೆಯ ಇ ಮೇಲೆ ದಾಟಿದರೆ ಆ ದಾಟುವ ಅಕ್ಷರದಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಈ ನಾಲ್ಕರಲ್ಲಿ ಎರಡಕ್ಕಿಂತ ಜಾಸ್ತಿ ಒಂದೇ ಪದಬಂಧದಲ್ಲಿ ಹಾಕುವುದಿಲ್ಲ. ಹಾಕಿದರೂ ದಾಟುವ ಮನೆ ಮೊದಲನೆಯದೋ ಮೂರನೆಯದೋ ಆಗುವಂತೆ ನಾನೇ ಗ್ರಿಡ್‌ನಲ್ಲಿ ಟೈಪ್ ಮಾಡಿ ಜೋಡಿಸುತ್ತೇನೆ. ಜೆಕ್ರಾಸ್ ಅದಕ್ಕೂ ಅವಕಾಶ ಕೊಡುತ್ತದೆ.

ಇನ್ನು ಸುಳಿವುಗಳು. ನನ್ನ ಪ್ರಕಾರ ಇಡೀ ಪದಬಂಧದ ಜೀವ ಇಲ್ಲಿದೆ. ನೆಟ್‌ನಲ್ಲಿ ಸಿಗುವ ಸಿದ್ಧ ಪದಬಂಧಗಳಲ್ಲಿ ಸುಳಿವು ಅಂದರೆ ಪಠ್ಯಪುಸ್ತಕದ ವ್ಯಾಖ್ಯೆ. "ಮುದ್ರಿತ ಪ್ರತಿ" ಎಂದು ಬರೆದು ಹ್ಯಾಂಡ್‌ಔಟ್ ಉತ್ತರ ಬಯಸುತ್ತಾರೆ. ಬಾಯಿಪಾಠ ಮಾಡಿದವರು ತುಂಬುತ್ತಾರೆ, ಉಳಿದವರು ಪಕ್ಕದವರನ್ನು ನೋಡುತ್ತಾರೆ. ನಾನು ಹೀಗೆ ಬರೆಯುತ್ತೇನೆ: "ಪ್ರಿಂಟ್‌ಗೆ ಹೋಗಿ, ಒಂದು ಹಾಳೆಗೆ ಮೂರು ಸ್ಲೈಡ್ ಕೊಡಿ. ಪಕ್ಕದಲ್ಲಿ ಬರೆದುಕೊಳ್ಳಲು ಗೆರೆಗಳು ಬಂದವಲ್ಲ, ಈ ಬಗೆಯ ಪ್ರಿಂಟ್‌ಗೆ ಏನೆನ್ನುತ್ತಾರೆ?" ಇದಕ್ಕೆ ಉತ್ತರ ಬೇಕಾದರೆ ಎದ್ದು ಕಂಪ್ಯೂಟರ್ ಮುಂದೆ ಕೂರಬೇಕು. ಮೆನು ತೆರೆಯಬೇಕು. ಪದ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಪ್ಲೇಸ್‌ಹೋಲ್ಡರ್‌ಗೂ ಹಾಗೆಯೇ. "ಹೊಸ ಸ್ಲೈಡ್‌ನಲ್ಲಿ ಶೀರ್ಷಿಕೆ ಬರೆಯಿರಿ ಎಂದು ಕಾಣುವ ಪೆಟ್ಟಿಗೆ. ಏನೂ ಬರೆಯದೆ ಎಫ್5 ಒತ್ತಿ ನೋಡಿ, ಮಾಯ." ಎಫ್5 ಒತ್ತಿದರೆ ಸ್ಲೈಡ್ ಪ್ರದರ್ಶನ ಶುರುವಾಗುತ್ತದೆ. ಪ್ರಶ್ನೆ ಓದಿದ ತಕ್ಷಣ ತರಗತಿಯಲ್ಲಿ ಎಲ್ಲರ ಬೆರಳೂ ಎಫ್5 ಮೇಲೆ. ತುಂಬದೆ ಬಿಟ್ಟ ಪ್ಲೇಸ್‌ಹೋಲ್ಡರ್ ಪ್ರದರ್ಶನದಲ್ಲಿ ಕಾಣುವುದಿಲ್ಲ ಎಂಬ ಸಂಗತಿ ಎಷ್ಟೋ ವರ್ಷ ಪವರ್‌ಪಾಯಿಂಟ್ ಬಳಸಿದವರಿಗೂ ಗೊತ್ತಿರುವುದಿಲ್ಲ. ಸುಮ್ಮನೆ ಒಂದೊಂದನ್ನೂ ಅಳಿಸುತ್ತಾ ಕೂತಿರುತ್ತಾರೆ. ಪ್ರದರ್ಶನ ನಡೆಯುವಾಗ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಡಬ್ಲ್ಯೂ ಒತ್ತಿದರೆ ಬಿಳಿ. ಇವನ್ನೂ ಸುಳಿವಿನಲ್ಲಿ ಸೇರಿಸಿದ್ದೇನೆ. ತಾಲ್ಲೂಕು ಕಚೇರಿಯ ಸಭೆಯಲ್ಲಿ ಮಾತು ಬೇರೆ ಕಡೆ ಹೊರಳಿದಾಗ ಬಿ ಒತ್ತಿ ಎಲ್ಲರ ಗಮನ ನನ್ನ ಕಡೆ ಸೆಳೆದೆ ಎಂದು ನೌಕರರೊಬ್ಬರು ಬಂದು ಹೇಳಿದರು. ನನಗೆ ತುಂಬಾ ಖುಷಿಯಾಯಿತು.

ಅಕ್ಷರಗಳ ರಾಶಿಯಲ್ಲಿ ಪದ ಹುಡುಕಿ ಸುತ್ತು ಹಾಕುವ ಆಟ ನನಗೆ ಇಷ್ಟವಿಲ್ಲ. ಕಾಗುಣಿತ ಅಭ್ಯಾಸಕ್ಕೆ ಪರವಾಗಿಲ್ಲ. ಅರ್ಥ ಗೊತ್ತಿಲ್ಲದೆಯೂ ಮುಗಿಸಬಹುದು, ಅದೇ ಅದರ ದೋಷ.

ಕನ್ನಡದಲ್ಲೇ ಪದಬಂಧ ಮಾಡಬಾರದಾ ಎಂದು ತುಂಬಾ ಜನ ಕೇಳುತ್ತಾರೆ. ಮಾಡಬಹುದು. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಒತ್ತಕ್ಷರ, ಗುಣಿತ ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರುತ್ತವೆ ಅಲ್ವಾ? ಸ್ಲೈಡ್ ಎಂದರೆ ಎರಡು ಮನೆ: ಸ್ಲೈ, ಡ್. ಒಂದು ವೆಬ್‌ಸೈಟ್‌ನಲ್ಲಿ ಪ್ರಯತ್ನಿಸಿದಾಗ ಸಕಾರ ಒಂದು ಮನೆಗೆ, ಲಕಾರ ಇನ್ನೊಂದಕ್ಕೆ ಹೋಗಿ ಓದಲಾರದ ಹಾಗಾಯಿತು. ಕಂಪ್ಯೂಟರ್ ಒಳಗೆ ಅವು ಬೇರೆ ಬೇರೆ ಸಂಕೇತಗಳು, ಅದನ್ನು ಒಟ್ಟಿಗೆ ಹಿಡಿಯುವ ತಿಳಿವಳಿಕೆ ಆ ಸೈಟ್‌ಗೆ ಇರಲಿಲ್ಲ. ಈಗ ಕನ್ನಡದ್ದನ್ನು ಚೌಕುಳಿ ಹಾಳೆಯಲ್ಲಿ ಕೈಯಿಂದಲೇ ಹೆಣೆದು ಜೆರಾಕ್ಸ್ ಮಾಡಿಸುತ್ತೇನೆ. ಆದರೆ ಮುಖ್ಯ ಪದಬಂಧದಲ್ಲಿ ಉತ್ತರ ಇಂಗ್ಲಿಷಿನಲ್ಲೇ, ಸುಳಿವು ಮಾತ್ರ ಕನ್ನಡದಲ್ಲಿ. ಕಚೇರಿಯ ಕಂಪ್ಯೂಟರ್‌ಗಳಲ್ಲಿ ಮೆನು ಇರುವುದು ಇಂಗ್ಲಿಷಿನಲ್ಲಿ, ಅವರು ಹುಡುಕಬೇಕಾದ ಪದವೂ ಅದೇ.

ಒಂದು ಎಚ್ಚರಿಕೆ ಹೇಳಬೇಕು. ನಮ್ಮಲ್ಲಿ ಕೆಲವು ಕಂಪ್ಯೂಟರ್‌ಗಳಲ್ಲಿ ಪವರ್‌ಪಾಯಿಂಟ್ ಇದೆ, ಉಳಿದವುಗಳಲ್ಲಿ ಅದೇ ಕೆಲಸ ಮಾಡುವ ಉಚಿತ ತಂತ್ರಾಂಶ ಲಿಬ್ರೆ ಆಫೀಸ್ ಇಂಪ್ರೆಸ್. ಸಿಬಿಎಸ್‌ಇ 9ನೇ ತರಗತಿಯ ಐಟಿ ಪಾಠದಲ್ಲೂ ಇಂಪ್ರೆಸ್ ಬರುತ್ತದೆ. ಎಫ್5, ಸಾರ್ಟರ್, ನೋಟ್ಸ್ ಎರಡರಲ್ಲೂ ಒಂದೇ. ಆದರೆ ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಮಾಸ್ಟರ್ ಎಂದಿರುವುದು ಇಂಪ್ರೆಸ್‌ನಲ್ಲಿ ಮಾಸ್ಟರ್ ಸ್ಲೈಡ್. ಪೂರ್ತಿ ಹೆಸರು ಗ್ರಿಡ್‌ನಲ್ಲಿ ಹಾಕಿದರೆ ಅರ್ಧ ತರಗತಿಗೆ ತಪ್ಪಾಗುತ್ತದೆ. ಮಾಸ್ಟರ್ ಅಷ್ಟೇ ಹಾಕಿ, ಎರಡಕ್ಕೂ ಹೊಂದುತ್ತದೆ.

ಪದಬಂಧದಿಂದ ಆಗದ ಕೆಲಸವೂ ಇದೆ. ಒಂದು ಸ್ಲೈಡ್‌ನಲ್ಲಿ ಎಷ್ಟು ಸಾಲು ಇರಬೇಕು, ಹಿಂದಿನ ಸಾಲಿನವರಿಗೆ ಕಾಣಲು ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಬಣ್ಣದ ಮೇಲೆ ಯಾವ ಬಣ್ಣ ಕಣ್ಣಿಗೆ ಹಿತ, ಇವೆಲ್ಲ ಸ್ಲೈಡ್ ಮಾಡಿ ತೋರಿಸಿಯೇ ಕಲಿಯಬೇಕು. ಹೆಸರು ಗೊತ್ತಿದ್ದರೆ ಒಂದು ಅನುಕೂಲ ಖಂಡಿತ. ಮನೆಯಿಂದ ಫೋನ್ ಮಾಡಿ "ಮೇಲೆ ಏನೋ ಚೌಕ ಇತ್ತಲ್ಲ ಸಾರ್" ಎನ್ನುವ ಬದಲು "ಲೇಔಟ್ ಬದಲಾಯಿಸಿದೆ, ಚಿತ್ರ ಜರುಗಿತು" ಎನ್ನುತ್ತಾರೆ. ಒಂದೇ ವಾಕ್ಯದಲ್ಲಿ ನನಗೆ ಸಮಸ್ಯೆ ಗೊತ್ತಾಗುತ್ತದೆ, ಅಲ್ಲೇ ಪರಿಹಾರ ಹೇಳಬಹುದು.

ನೀವೂ ಶುರು ಮಾಡುವುದಾದರೆ ಒಂದು ಪದಬಂಧಕ್ಕೆ ಹತ್ತು, ಹನ್ನೆರಡು ಪದ ಸಾಕು. ದೊಡ್ಡ ಗ್ರಿಡ್ ಫೋನಿನ ಪರದೆಯಲ್ಲಿ ಇಕ್ಕಟ್ಟಾಗುತ್ತದೆ, ಯಾವ ತಂತ್ರಾಂಶದಲ್ಲಿ ಮಾಡಿದರೂ ಅಷ್ಟೇ. ಜೆಕ್ರಾಸ್‌ನಲ್ಲಿ ಹಿಂಟ್ ಬಟನ್ ಇದೆ, ಒತ್ತಿದರೆ ಒಂದು ಅಕ್ಷರ ಕೊಟ್ಟು ಅಂಕ ಕಡಿಮೆ ಮಾಡುತ್ತದೆ. ಬೇಡವಾದರೆ ಸೆಟ್ಟಿಂಗ್‌ನಲ್ಲಿ ತೆಗೆಯಬಹುದು. ಮಕ್ಕಳ ಬ್ಯಾಚಿಗೆ ನಾನು ತೆಗೆದುಬಿಡುತ್ತೇನೆ, ಇಲ್ಲದಿದ್ದರೆ ಸುಳಿವು ಓದದೆ ಅದನ್ನೇ ಒತ್ತುತ್ತಾರೆ. ಸಂಜೆಯ ನೌಕರರಿಗೆ ಇಟ್ಟಿರುತ್ತೇನೆ. ದಿನವಿಡೀ ದುಡಿದು ಬಂದವರು ಒಂದು ಪದದಲ್ಲಿ ಸಿಕ್ಕಿಬಿದ್ದು ಹಾಗೇ ಎದ್ದು ಹೋಗಬಾರದು.