ಅಮ್ಮನ ರಕ್ತಭೇದಿಗೆ ಸರಸ್ವತೀಪುರಂನ ಸಣ್ಣ ಕ್ಲಿನಿಕ್‌ನಲ್ಲಿ ದೊರೆತ ಚಿಕಿತ್ಸೆ

ಮದುವೆ ಊಟ ಮಾಡಿ ಬಂದ ಮರುದಿನವೇ ಅಮ್ಮನಿಗೆ ವಾಂತಿಭೇದಿ ಶುರುವಾಗಿ, ಎರಡನೆಯ ದಿನ ಮಲದಲ್ಲಿ ರಕ್ತ ಕಂಡಾಗ, ಮೈಸೂರಿನ ಸರಸ್ವತೀಪುರಂನಲ್ಲಿ ಮನೆಗೆ ಹತ್ತಿರವಿರುವ ಕ್ಲಿನಿಕ್‌ಗೆ ಕರೆದೊಯ್ದೆವು. ಟೋಕನ್ ವ್ಯವಸ್ಥೆ ಇಲ್ಲದೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಸುಸ್ತಾದ ರೋಗಿಗಳಿಗೆ ಇದು ಕಷ್ಟ, ಖಂಡಿತ ಸರಿಯಾಗಬೇಕು.

ವೈದ್ಯೆ ಮೊದಲು ಕೇಳಿದ್ದು ಊಟದ ವಿಚಾರವನ್ನಲ್ಲ, ಬೆಳಗಿನಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದಾರೆ ಎಂಬುದನ್ನು. ಅಮ್ಮನ ಒಣಗಿದ ನಾಲಿಗೆಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ, ನಾಡಿ ಹಿಡಿದು, ರಕ್ತದೊತ್ತಡ ಅಳೆದರು. ಭೇದಿ ನಿಲ್ಲಲೆಂದು ನಾವು ತಂದಿದ್ದ ಲೋಪೆರಮೈಡ್ ಮಾತ್ರೆಯನ್ನು, ರಕ್ತಭೇದಿಯಲ್ಲಿ ಅದು ಅಪಾಯಕಾರಿಯೆಂದು ಹೇಳಿ ಕೂಡಲೇ ನಿಲ್ಲಿಸಿದರು. ಓಆರ್‌ಎಸ್ ಪೊಟ್ಟಣವನ್ನು ನಾವು ಲೋಟಕ್ಕಿಷ್ಟೆಂದು ಅಂದಾಜಿನಲ್ಲಿ ಕದಡುತ್ತಿದ್ದೆವು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು ಎಂದು ತಿದ್ದಿದರು.

ಸಾಮಾನ್ಯ ಭೇದಿ ಬಹುಪಾಲು ಆಂಟಿಬಯಾಟಿಕ್ ಇಲ್ಲದೆಯೇ ವಾಸಿಯಾಗುತ್ತದೆ. ಆದರೆ ಮಲದಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದಂಥ ವಾಂತಿ, ಮೂತ್ರ ಕಡಿಮೆಯಾಗುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ, ಅದರಲ್ಲೂ ಮಕ್ಕಳು, ಗರ್ಭಿಣಿಯರು ಮತ್ತು ವಯಸ್ಸಾದವರಲ್ಲಿ ಕಂಡರೆ, ಮನೆಯಲ್ಲಿ ಕಾಯಬಾರದೆಂದು ಸಮಾಧಾನದಿಂದ ವಿವರಿಸಿದರು. ಮಲಪರೀಕ್ಷೆಗೆ ಮಾದರಿ ಕೊಟ್ಟ ಮೇಲೆಯೇ ಆಂಟಿಬಯಾಟಿಕ್ ಆರಂಭಿಸಿದ್ದು ನನಗೆ ಬಹಳ ಮೆಚ್ಚಿಗೆಯಾಯಿತು. ಮೂರನೆಯ ದಿನ ಅಮ್ಮ ತಾವಾಗಿಯೇ ಮಜ್ಜಿಗೆ ಅನ್ನ ಕೇಳಿದರು.